ಸಾಯದ ಕಂಪ್ಯೂಟರಿಗೆ ಸಾವಿನ ತಾರೀಕು

ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರುಗಳನ್ನು ಸತ್ತವೆಂದು ಸಾರಿದರು. ಇದು ನನ್ನ ಆರೋಪ. ಅವುಗಳ ಒಂದು ಸ್ಕ್ರೂವೂ ಸಡಿಲವಾಗಿರಲಿಲ್ಲ, ಒಂದು ತಂತಿಯೂ ಸುಟ್ಟಿರಲಿಲ್ಲ. ಒಳಗಿರುವ ವಿಂಡೋಸ್ ಹತ್ತಕ್ಕೆ ಇನ್ನು ಮುಂದೆ ರಕ್ಷಣೆಯ ಅಪ್‌ಡೇಟ್ ಇಲ್ಲ, ಹನ್ನೊಂದಕ್ಕೆ ಹೋಗಿ ಎಂದರು ಅದನ್ನು ಮಾಡಿದ ಕಂಪನಿಯವರು. ಆಯಿತು, ಹೋಗುತ್ತೇವೆ ಎಂದರೆ, ನಿಮ್ಮ ಯಂತ್ರ ಹಳೆಯದು, ಅದಕ್ಕೆ ಹನ್ನೊಂದು ಆಗುವುದಿಲ್ಲ, ಹೊಸದು ಕೊಳ್ಳಿ ಎಂದರು. ಬಾಗಿಲಿನ ಬೀಗ ಹಳೆಯದಾಯಿತೆಂದು ಮನೆಯನ್ನೇ ಕೆಡವಲು ಹೇಳಿದ ಹಾಗೆ.

ಇಂಥದ್ದು ನಮ್ಮ ಕಡೆ ಆಗುತ್ತಲೇ ಇರುತ್ತದೆ. ಯಾರೋ ಎಲ್ಲೋ ಕೂತು ಒಂದು ತಾರೀಕು ಹೇಳುತ್ತಾರೆ. ಇಲ್ಲಿಯವರು ಹೌದಾ ಎಂದು ತಲೆಯಾಡಿಸುತ್ತಾರೆ. ಮರುದಿನ ಗುಜರಿಯ ಟೆಂಪೋ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ನಾನು ಜಗಳಕ್ಕೆ ಹೋಗುತ್ತೇನೆ. ಜಗಳಕ್ಕೆ ಹೋದಲ್ಲೆಲ್ಲ ನಗು ಬರುವಂಥದ್ದು ಏನಾದರೊಂದು ನಡೆದುಬಿಡುತ್ತದೆ. ಸಿಟ್ಟು ಮಾಡಲೆಂದೇ ಹೊರಟವನಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇರೆ ಇಲ್ಲ.

ನನಗೆ ಉಡುಪಿ ಹತ್ತಿರದ ಪರ್ಕಳದಲ್ಲಿ ಒಂದು ಜೆರಾಕ್ಸ್ ಅಂಗಡಿ ಉಂಟು. ಕಂಪ್ಯೂಟರನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಬಿಚ್ಚಿ, ಜೋಡಿಸಿ, ಕೊನೆಗೆ ಕೈಯಲ್ಲಿ ಉಳಿದ ಸ್ಕ್ರೂ ಎಲ್ಲಿಯದೆಂದು ಹುಡುಕಿ ಕಲಿತೆ. ನನ್ನ ಅಂಗಡಿಯ ಯಂತ್ರಕ್ಕೆ ಲಿನಕ್ಸ್ ಹಾಕಿ ವರ್ಷಗಳಾದವು. ಲಿನಕ್ಸ್ ಎಂದರೆ ವಿಂಡೋಸ್ ಕೂರುವ ಜಾಗದಲ್ಲಿ ಕೂರುವ ಇನ್ನೊಂದು ವ್ಯವಸ್ಥೆ. ಹಳೆಯ ಯಂತ್ರದಲ್ಲೂ ಓಡುತ್ತದೆ, ಯಾರ ಅಪ್ಪಣೆಯೂ ಬೇಡ, ಅದಕ್ಕೆ ಬೆಲೆಯೂ ಇಲ್ಲ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಮರ್ಯಾದಸ್ಥರು

ಕಾಪುವಿನಲ್ಲಿ ಒಂದು ಮಹಿಳಾ ಮಂಡಲ. ಅದರ ಮಹಡಿಯ ಮೇಲೆ ಕಂಪ್ಯೂಟರ್ ಕೊಠಡಿ. ಸಂಜೆ ಹೊತ್ತು ಬೀಡಿ ಕಟ್ಟುವವರು, ಹೊಲಿಗೆಯವರು, ಮೀನು ಮಾರಿ ಬಂದವರು ಅಲ್ಲಿ ಕೂತು ಕಂಪ್ಯೂಟರ್ ಕಲಿಯುತ್ತಾರೆ. ಹಾಳಾದಾಗ ರಿಪೇರಿಗೆ ಹೋಗುವವನು ನಾನು. ಆ ಯಂತ್ರಗಳನ್ನು ಮಾರಿದ ವ್ಯಾಪಾರಿಯೇ ಬಂದು, ಇವೆಲ್ಲ ಸತ್ತವು, ಗುಜರಿಗೆ ನಾನೇ ಸಾಗಿಸುತ್ತೇನೆ, ಹೊಸದನ್ನು ಕಂತಿನಲ್ಲಿ ಕೊಡುತ್ತೇನೆ ಎಂದು ಹೇಳಿ ಹೋಗಿದ್ದ. ಹೊಸದು ಕೊಳ್ಳುವ ತ್ರಾಣ ಮಂಡಲಕ್ಕೆ ಇಲ್ಲ. ಹಾಗಾಗಿ ಹಳೆಯದನ್ನು ಕೊಟ್ಟು, ಕೊಠಡಿಯನ್ನು ಸದ್ಯಕ್ಕೆ ಮುಚ್ಚುವುದು ಎಂದು ಸಭೆ ಕರೆದರು. ನಮ್ಮ ಜಿಲ್ಲೆಯಲ್ಲಿ ಸದ್ಯಕ್ಕೆ ಮುಚ್ಚಿದ್ದು ಯಾವುದೂ ಮತ್ತೆ ತೆರೆದದ್ದನ್ನು ನಾನು ನೋಡಿಲ್ಲ.

ಆ ಕೊಠಡಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ಕಲಿಯುತ್ತಿದ್ದರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ಹಗಲು ಕೆಂಪು ಕಲ್ಲು ಹೊರುತ್ತಾರೆ, ಸಂಜೆ ಕೈ ತೊಳೆದು ಕೀಬೋರ್ಡಿನ ಮುಂದೆ ಕೂರುತ್ತಾರೆ. ಎಲ್ಲರಿಗೂ ಅವರು ಬಾಗಲಕೋಟೆ ಅಕ್ಕ. ಮಣಿಪಾಲದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲವರು ಬೇಕೆಂದು ಕೇಳಿ ಅರ್ಜಿ ಹಾಕಿದ್ದರು. ಕೂತು ಟೈಪ್ ಮಾಡಿ ತೋರಿಸುವ ಪರೀಕ್ಷೆಗೆ ಕರೆಯೂ ಬಂದಿತ್ತು. ಕೊಠಡಿ ಮುಚ್ಚಿದರೆ ಅವರಿಗೆ ಮತ್ತೆ ಕಲ್ಲೇ ಗತಿ. ನನ್ನ ಸಿಟ್ಟು ಇಷ್ಟಕ್ಕೇ.

ಸಭೆಗೆ ನಾನು ಕರೆಯದೆ ಹೋದೆ. ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಿಗೇ ಟೀಚರ್. ಕೈ ಎತ್ತದೆ ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲ.

ಕೈ ಎತ್ತಿದೆ. "ಟೀಚರ್, ಈ ಕಂಪ್ಯೂಟರ್ ಸತ್ತಿಲ್ಲ. ಲಿನಕ್ಸ್ ಹಾಕಿದರೆ ಸಾಕು."

ಟೀಚರ್ ಸಭೆಗೆ ಬಂದು ಕೂತಿದ್ದ ವ್ಯಾಪಾರಿಯ ಕಡೆ ನೋಡಿದರು. ಅವನೂ ಕೈ ಎತ್ತಿ ಹೇಳಿದ, "ಓಡುತ್ತದೆ ಟೀಚರ್. ಆದರೆ ಸತ್ತಿದೆ."

"ಓಡುವುದು ಸತ್ತಿರುವುದು ಹೇಗೆ?"

"ಟೆಕ್ನಿಕಲ್ ಆಗಿ ಸತ್ತಿದೆ."

ಬೀಡಿ ಕಟ್ಟುವ ಅಕ್ಕನೊಬ್ಬರು ಮೊರದಿಂದ ತಲೆ ಎತ್ತದೆ ಹೇಳಿದರು, "ನಮ್ಮ ಯಜಮಾನರೂ ಹಾಗೆಯೇ ಟೀಚರ್. ಊಟಕ್ಕೆ ಏಳುತ್ತಾರೆ. ಗುಜರಿಗೆ ಕೊಡಲಿಕ್ಕೆ ಆಗುತ್ತದಾ?"

ಸಭೆ ನಕ್ಕಿತು. ಟೀಚರ್ ನಗಲಿಲ್ಲ. ನನ್ನನ್ನೇ ನೋಡಿ ಕೇಳಿದರು, "ನಿಮ್ಮ ಆ ಲಿನಕ್ಸನ್ನು ಮರ್ಯಾದಸ್ಥರು ಯಾರಾದರೂ ಉಪಯೋಗಿಸುತ್ತಾರಾ?"

"ನಾನೇ ಉಪಯೋಗಿಸುತ್ತೇನೆ ಟೀಚರ್."

"ಮರ್ಯಾದಸ್ಥರು ಎಂದು ಕೇಳಿದ್ದು."

ಪರಿಚಯ ಉಂಟಾ

ಟೀಚರ್ ಒಂದು ಷರತ್ತು ಹಾಕಿದರು. ಮುಂದಿನ ಸಭೆಯೊಳಗೆ ಊರಿನಲ್ಲಿ ಹೆಸರಿರುವ ಮೂರು ಜನ ಲಿನಕ್ಸ್ ಹಾಕಿಸಿಕೊಳ್ಳಬೇಕು. ಬಂದು, ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿದರೆ ಕೊಠಡಿ ಉಳಿಯುತ್ತದೆ, ಇಲ್ಲದಿದ್ದರೆ ಟೆಂಪೋ ಬರುತ್ತದೆ.

ಮೊದಲು ಮಣಿಪಾಲಕ್ಕೆ ಹೋದೆ. ಅಲ್ಲಿ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಅವರ ಕಂಪ್ಯೂಟರಿಗೂ ಅದೇ ಸಾವಿನ ನೋಟೀಸು ಬಂದಿತ್ತು. ಅರ್ಧ ಗಂಟೆ ಭಾಷಣ ಮಾಡಿದೆ. ಇದು ಯಾರೊಬ್ಬರ ಸ್ವತ್ತೂ ಅಲ್ಲ, ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಮನೆಯವರಿಗೂ ಕೊಡಬಹುದು ಎಂದೆ.

"ಎಷ್ಟಾಗುತ್ತದೆ?"

"ಏನೂ ಆಗುವುದಿಲ್ಲ ಸಾರ್. ಉಚಿತ."

ಅವರ ಮುಖ ಬಾಡಿತು. "ಉಚಿತ ಎಂದು ಬಂದವರನ್ನೆಲ್ಲ ನಾನು ಬ್ಯಾಂಕಿನ ಬಾಗಿಲಿಂದಲೇ ಕಳಿಸಿದವನು. ಎಲ್ಲರಿಗೂ ಸಿಗುತ್ತದೆ ಅಂತೀರಿ. ಹಾಗಾದರೆ ಅದಕ್ಕೊಂದು ಸ್ಟ್ಯಾಂಡರ್ಡ್ ಎಂತ ಉಂಟು?"

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವರ ಹೆಂಡತಿ ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಅವರಿಗೆ ಸುಲಭದಲ್ಲಿ ಸಿಗುವುದು ರುಚಿಸುವುದಿಲ್ಲ ಮಾರಾಯ್ರೆ. ಮನೆ ಎದುರು ಮೀನಿನವಳು ಬಂದು ಕೂಗಿದರೂ ಬೇಡ. ಅದೇ ಮೀನು ಪರಿಚಯದವರ ಕೈಯಲ್ಲಿ ಮಲ್ಪೆ ಬಂದರಿನಿಂದ ಬರಬೇಕು."

ನನಗೆ ಬುದ್ಧಿ ಬಂತು. ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಭಾಷಣ ಮಾಡಲಿಲ್ಲ. ನಿಜವನ್ನೇ, ಆದರೆ ಮುಖ ಗಂಟು ಹಾಕಿಕೊಂಡು ಹೇಳಿದೆ. "ಸಾರ್, ನಿಮ್ಮ ಯಂತ್ರಕ್ಕೆ ಇದು ಹೊಂದುತ್ತದಾ ಎಂದು ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬೇಕು. ನಿಮ್ಮ ಪ್ರಿಂಟರ್ ಬೇರೆ ಹಳೆಯದು. ಕೆಲವಕ್ಕೆ ಹೊಂದುವುದಿಲ್ಲ. ಹೇಳಲಿಕ್ಕೆ ಆಗುವುದಿಲ್ಲ."

ಅವರು ಕುರ್ಚಿಯಲ್ಲಿ ನೆಟ್ಟಗಾದರು. ಕಿಟಕಿ ಮುಚ್ಚಿ ಬಂದು ಕೇಳಿದರು, "ನಿಮಗೆ ಒಳಗೆ ಯಾರದ್ದಾದರೂ ಪರಿಚಯ ಉಂಟಾ?"

"ಎಲ್ಲಿ ಒಳಗೆ?"

"ಅದೇ, ಲಿನಕ್ಸಿನಲ್ಲಿ."

ಯೋಚಿಸಿದೆ. ಇಂಟರ್ನೆಟ್ಟಿನಲ್ಲಿ ನಾನು ಏನಾದರೂ ಕೇಳಿದರೆ ಬ್ರೆಜಿಲ್ ದೇಶದ ಒಬ್ಬ ಪುಣ್ಯಾತ್ಮ ಉತ್ತರ ಬರೆಯುವುದುಂಟು. ಪ್ರಿಂಟರ್ ವಿಷಯವನ್ನೂ ಅವನಲ್ಲೇ ಕೇಳಬೇಕಿತ್ತು. "ಬ್ರೆಜಿಲಿನಲ್ಲಿ ಒಬ್ಬರಿದ್ದಾರೆ" ಎಂದೆ.

"ಹಾಗಾದರೆ ಅವರಿಗೊಂದು ಮಾತು ಹೇಳಿ. ನನ್ನ ಹೆಸರು ಬೇಕಾದರೆ ಹೇಳಿ."

ಬ್ರೆಜಿಲಿನವನು ಉತ್ತರ ಕೊಟ್ಟ, ಪ್ರಿಂಟರ್ ಓಡಿತು, ಲಿನಕ್ಸ್ ಕೂತಿತು. ಮುಂದಿನ ವಾರ ಮಣಿಪಾಲದಲ್ಲಿ ಬೆಳಗಿನ ವಾಕಿಂಗ್ ಮಾಡುವವರ ಗುಂಪಿನಲ್ಲಿ ಮ್ಯಾನೇಜರ್ ಸಾರ್ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಎಲ್ಲರಿಗೂ ಆಗುವ ಕೆಲಸ ಅಲ್ಲ. ನನ್ನದು ಬ್ರೆಜಿಲಿನಿಂದ ಮಾಡಿಸಿದ್ದು."

ನಲವತ್ತು ಸೋದರಮಾವಂದಿರು

ಎರಡನೆಯವರು ಕಾರ್ಕಳದ ಪ್ರೆಸ್ಸಿನ ಯಜಮಾನರು. ಆ ಸುತ್ತಿನ ಮದುವೆ ಕಾಗದಗಳೆಲ್ಲ ಅವರ ಕೈಯಿಂದಲೇ ಹೊರಡುವುದು. ಅವರ ಕಂಪ್ಯೂಟರಿನಲ್ಲಿ ಒಂದೇ ಒಂದು ಆಮಂತ್ರಣ ಇತ್ತು. ವರ್ಷಗಳ ಹಿಂದೆ ಯಾರದ್ದೋ ಮದುವೆಗೆ ಬಹಳ ಕಷ್ಟಪಟ್ಟು ಜೋಡಿಸಿದ್ದು. ಮೇಲೆ ಗಣಪತಿ, ಕೆಳಗೆ ಕುಲದೇವರು, ಎಡಕ್ಕೆ ವರನ ಕಡೆ, ಬಲಕ್ಕೆ ವಧುವಿನ ಕಡೆ, ತಳದಲ್ಲಿ ಸೋದರಮಾವಂದಿರು. ಅಲ್ಲಿಂದ ಇಲ್ಲಿಯವರೆಗೆ ಯಾವ ಮದುವೆ ಬಂದರೂ ಅದನ್ನೇ ತೆರೆಯುವುದು, ಹೆಸರು ಬದಲಿಸುವುದು, ಅಚ್ಚು ಹಾಕುವುದು.

"ಕಾರ್ಕಳದ ಮದುವೆಗಳೆಲ್ಲ ಈ ಮದುವೆಯ ಮಕ್ಕಳು" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. "ಇದಕ್ಕೆ ಏನಾದರೂ ಆದರೆ ನಾನು ಬಾಗಿಲು ಹಾಕಬೇಕಾದೀತು. ಜೋಪಾನ."

ಮೊದಲು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟೆ. ಲಿನಕ್ಸ್ ಹಾಕಿದೆ. ಆಮಂತ್ರಣ ತೆರೆದೆ. ಕನ್ನಡ ಎಲ್ಲ ಹೋಗಿ, ಇರುವೆ ಸಾಲು ಚದುರಿದ ಹಾಗೆ ಚಿಹ್ನೆಗಳು ಬಂದವು. ಗಣಪತಿ ಮಾತ್ರ ಕ್ಷೇಮವಾಗಿದ್ದ.

ಯಜಮಾನರು ತಲೆಗೆ ಕೈ ಹಿಡಿದರು. "ಮದುವೆ ಮುರಿದೆಯಲ್ಲಾ ಮಾರಾಯ."

ಇದು ಲಿನಕ್ಸಿನ ತಪ್ಪಲ್ಲ. ಹಳೆಯ ಕಾಲದ ಕನ್ನಡ ಫಾಂಟುಗಳೇ ಹಾಗೆ. ಒಳಗೆ ಇಂಗ್ಲಿಷ್ ಚಿಹ್ನೆ, ಮೇಲೆ ಕನ್ನಡದ ವೇಷ. ಆ ಫಾಂಟು ಇದ್ದ ಯಂತ್ರದಲ್ಲಿ ಮಾತ್ರ ಓದಲಿಕ್ಕಾಗುತ್ತದೆ. ಅಕ್ಷರ ನಮ್ಮದು, ಬೀಗದ ಕೈ ಇನ್ನೊಬ್ಬರದ್ದು. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾವ ಯಂತ್ರದಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಅವನ್ನು ಬದಲಿಸುವ ಸಾಫ್ಟ್‌ವೇರ್ ಉಂಟು. ಅದಕ್ಕೆ ಹಾಕಿ ಬಟನ್ ಒತ್ತಿದೆ.

ಅಕ್ಷರ ಬಂತು. ಬರುತ್ತಲೇ ಇತ್ತು. ನಿಲ್ಲಲಿಲ್ಲ. ಒಂದು ಪುಟದ ಆಮಂತ್ರಣ ಪುಟದ ಮೇಲೆ ಪುಟವಾಗಿ ಇಳಿಯತೊಡಗಿತು. ವರ ಒಬ್ಬನಲ್ಲ, ವರರ ಹಿಂಡು. ವಧುಗಳ ಸಾಲು. ತಳದಲ್ಲಿ ಸೋದರಮಾವಂದಿರು ಬಸ್ಸಿನ ಕ್ಯೂ ನಿಂತ ಹಾಗೆ ನಿಂತಿದ್ದರು. ಎಣಿಸಿದರೆ ನಲವತ್ತಕ್ಕೂ ಮೇಲೆ.

"ಇದೆಂತದ್ದು?" ಎಂದೆ.

ಯಜಮಾನರು ನಾಚಿಕೊಂಡು ಹೇಳಿದರು. ಹೆಸರನ್ನು ಅಳಿಸಿದರೆ ಸಾಲುಗಳು ಜಾರಿ ಜೋಡಣೆ ಕೆಡುತ್ತಿತ್ತಂತೆ. ಅದಕ್ಕೆ ಅವರು ಹಳೆಯ ಹೆಸರುಗಳನ್ನು ಅಳಿಸುತ್ತಲೇ ಇರಲಿಲ್ಲ. ತೀರಾ ಸಣ್ಣದು ಮಾಡಿ, ಬಿಳಿ ಬಣ್ಣ ಕೊಟ್ಟುಬಿಡುತ್ತಿದ್ದರು. ಬಿಳಿ ಕಾಗದದ ಮೇಲೆ ಬಿಳಿ ಹೆಸರು ಯಾರಿಗೆ ಕಾಣುತ್ತದೆ? ನನ್ನ ಸಾಫ್ಟ್‌ವೇರ್ ಬಣ್ಣವನ್ನೂ ಗಾತ್ರವನ್ನೂ ಕೇಳಲಿಲ್ಲ. ಇದ್ದವರನ್ನೆಲ್ಲ ಒಂದೇ ಸಮ ಕಪ್ಪು ಮಾಡಿ ಎಬ್ಬಿಸಿ ಕೂರಿಸಿತು. ಪ್ರತಿ ಮದುವೆಯ ಕಾಗದದಲ್ಲೂ ಅದಕ್ಕಿಂತ ಹಿಂದಿನ ಮದುವೆಗಳವರೆಲ್ಲ ಅಡಗಿ ಕೂತು ಊರೂರು ಹೋಗಿದ್ದರು.

ಅಂದು ಪ್ರೆಸ್ಸಿನ ಕೆಲಸ ನಡೆಯಲಿಲ್ಲ. ಯಜಮಾನರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದುತ್ತ ಕೂತರು. ಇವರು ಈಗ ಮುಂಬಯಿ, ಇವರಿಗೆ ಮೊಮ್ಮಕ್ಕಳಾದರು, ಇವರು ಕಾಗದದ ಬಾಕಿ ಈಗಲೂ ಕೊಟ್ಟಿಲ್ಲ ಎಂದು ಹೇಳುತ್ತ ಹೋದರು. ಸಂಜೆ ಹೊತ್ತಿಗೆ ನಾವಿಬ್ಬರೂ ಸೇರಿ ಹೊಸದಾಗಿ, ಶುದ್ಧವಾಗಿ, ಯಾರೂ ಅಡಗಿ ಕೂರದ ಒಂದು ಆಮಂತ್ರಣ ಮಾಡಿದೆವು. ಹಳೆಯದನ್ನು ಅಳಿಸಲೇ ಎಂದು ಕೇಳಿದೆ.

"ಬೇಡ" ಎಂದರು. "ಚುನಾವಣೆ ಬಂದಾಗ ಯಾರಾದರೂ ಮತದಾರರ ಪಟ್ಟಿ ಕೇಳಿದರೆ ಇದನ್ನೇ ಕೊಡಬಹುದು."

ಜಾತಕ

ಮೂರನೆಯವರು ಉಡುಪಿಯ ಒಬ್ಬ ಪುರೋಹಿತರು. ಪೇಟೆಯಲ್ಲಿ ಮನೆ, ಮನೆಯ ಚಾವಡಿಯಲ್ಲಿ ಕಂಪ್ಯೂಟರ್, ಕಂಪ್ಯೂಟರಿನಲ್ಲಿ ಜಾತಕ ಬರೆಯುವ ಸಾಫ್ಟ್‌ವೇರ್. ಅದು ವಿಂಡೋಸಿನದ್ದು. ಲಿನಕ್ಸಿನೊಳಗೆ ಅದನ್ನು ಓಡಿಸುವ ಉಪಾಯ ಉಂಟು, ನಾನು ಮೊದಲೇ ಅಂಗಡಿಯಲ್ಲಿ ಓಡಿಸಿ ನೋಡಿದ್ದೆ.

ನನಗೆ ಜಾತಕದಲ್ಲಿ ನಂಬಿಕೆ ಇಲ್ಲ. ಅದನ್ನು ಹೊಸ್ತಿಲಲ್ಲೇ ಹೇಳಿಬಿಟ್ಟೆ. ಅವರು ಬೇಸರ ಮಾಡಲಿಲ್ಲ. "ನೀವು ನಂಬಬೇಕೆಂದಿಲ್ಲ. ನಿಮ್ಮ ಪೆನ್‌ಡ್ರೈವ್ ಹಿಡಿದುಕೊಂಡು ಅಲ್ಲಿ ಕೂತುಕೊಳ್ಳಿ. ಈ ಯಂತ್ರ ಕೊಂಡದ್ದು ಯಾವಾಗ ಅಂತ ಅದರ ಹಿಂದೆ ಬರೆದಿದ್ದೇನೆ, ನೋಡಿ ಹೇಳಿ."

"ಯಾಕೆ ಭಟ್ರೇ?"

"ಆಯುಸ್ಸು ನೋಡದೆ ಚಿಕಿತ್ಸೆ ಮಾಡುವುದಾ?"

ನನ್ನ ಕಣ್ಣೆದುರೇ ಅವರು ಆ ಕಂಪ್ಯೂಟರಿಗೆ ಆ ಕಂಪ್ಯೂಟರಿನಲ್ಲೇ ಜಾತಕ ಬರೆದರು. ಜನ್ಮಸ್ಥಳ ಉಡುಪಿ, ಜನನ ಸಮಯ ಮೊದಲ ಸಲ ಸ್ವಿಚ್ ಹಾಕಿದ ಹೊತ್ತು. ಪ್ರಿಂಟ್ ತೆಗೆದು, ಅರಸಿನ ಹಚ್ಚಿ, ತೊಡೆಯ ಮೇಲಿಟ್ಟುಕೊಂಡು ಓದಿದರು.

"ದೀರ್ಘಾಯುಸ್ಸು ಉಂಟು. ಈಗ ನಡೆಯುವ ದಶೆ ಸ್ವಲ್ಪ ಕಷ್ಟದ್ದು. ಯಜಮಾನ ಬದಲಾದ ಮೇಲೆ ಅಭಿವೃದ್ಧಿ."

ನಾನು ಹಲ್ಲು ಕಚ್ಚಿ ಪೆನ್‌ಡ್ರೈವ್ ಚುಚ್ಚಿದೆ. ಅವರು ಹೇಳಿದ್ದು ಮಾತ್ರ ಅಕ್ಷರಶಃ ಸರಿ ಇತ್ತು, ಅದೇ ನನಗೆ ಹೆಚ್ಚು ಕಿರಿಕಿರಿ.

ಲಿನಕ್ಸ್ ಹಾಕಲು ಶುರು ಮಾಡಿದೆ. ಅವರು ನೆಲದ ಮೇಲೆ ಪದ್ಮಾಸನ ಹಾಕಿ, ಪರದೆಯ ಮೇಲೆ ನಿಧಾನ ಉದ್ದವಾಗುವ ಪಟ್ಟಿಯನ್ನೇ ನೋಡುತ್ತಿದ್ದರು. ಕೊನೆಯ ತುಂಡಿಗೆ ಬಂದು ಪಟ್ಟಿ ನಿಂತಿತು. ಭಟ್ಟರು ಗೋಡೆಯ ಗಡಿಯಾರ ನೋಡಿದರು. "ರಾಹುಕಾಲಕ್ಕೆ ಮುಂಚೆ ಮುಗಿಯುತ್ತದಾ?"

"ಕಂಪ್ಯೂಟರಿಗೆ ರಾಹುಕಾಲ ಇಲ್ಲ ಭಟ್ರೇ."

"ಹಾಗಾದರೆ ಬೇಗ ಆಗಲಿ ಎಂದು ಹೇಳಿ ಅದಕ್ಕೆ."

ನಾನು, ದೇವರನ್ನು ನಂಬದವನು, ಪರದೆಗೆ ಕೈ ಮುಗಿಯುವುದೊಂದು ಬಾಕಿ. ಅಷ್ಟರಲ್ಲಿ ಪಟ್ಟಿ ತುಂಬಿತು. ಯಂತ್ರ ಎದ್ದಿತು. ಜಾತಕದ ಸಾಫ್ಟ್‌ವೇರೂ ತೆರೆಯಿತು. ಭಟ್ಟರು ಸಂತೋಷದಿಂದ ಕಾಫಿ ತರಿಸಿದರು. ಕುಡಿಯುತ್ತಾ ಏನೋ ಯೋಚಿಸಿ ಕೇಳಿದರು.

"ಈ ಯಂತ್ರ ಇಂಥ ತಾರೀಕಿಗೆ ಸತ್ತಿತು ಅಂತ ಹೇಳಿದರಲ್ಲ, ಅವರು ಇದರ ಜಾತಕ ನೋಡಿದ್ದರಾ?"

"ಇಲ್ಲ ಭಟ್ರೇ. ಯಂತ್ರವನ್ನೇ ನೋಡಿಲ್ಲ."

"ನೋಡದೆಯೇ ತಾರೀಕು ಕೊಟ್ಟದ್ದಾ?" ಭಟ್ಟರು ಲೋಟ ಕೆಳಗಿಟ್ಟರು. "ನಾವೂ ಅಷ್ಟು ಧೈರ್ಯ ಮಾಡುವುದಿಲ್ಲ ಮಾರಾಯ್ರೆ."

ದೀಪ ಹಚ್ಚದೆ ಆಗುವುದಿಲ್ಲ

ಮುಂದಿನ ಸಭೆಗೆ ವ್ಯಾಪಾರಿ ಬರಲಿಲ್ಲ. ಅವನಿಗೆ ಬೆಂಗಳೂರಿನಲ್ಲಿ ಏನೋ ಕೆಲಸ ಇತ್ತಂತೆ. ನನ್ನ ಮೂವರು ಮರ್ಯಾದಸ್ಥರು ಬಂದರು. ಮ್ಯಾನೇಜರ್ ಸಾರ್ ಬ್ರೆಜಿಲಿನ ಕಥೆ ಹೇಳಿದರು. ಪ್ರೆಸ್ಸಿನವರು, ಮೊದಲಿಗಿಂತ ಬೇಗ ಓಡುತ್ತದೆ, ಕನ್ನಡವೂ ಚಂದ ಬರುತ್ತದೆ ಎಂದರು. ಭಟ್ಟರು, "ಆಯುಸ್ಸು ಉಂಟು" ಎಂದು ಎರಡೇ ಪದ ಹೇಳಿ ಕೂತರು. ನಾನು ಸ್ವಾತಂತ್ರ್ಯದ ಬಗ್ಗೆ, ಕಂಪನಿಗಳ ಕಪಟದ ಬಗ್ಗೆ ಬಾಯಿ ಒಣಗುವವರೆಗೆ ಮಾತಾಡಿದೆ. ಭಟ್ಟರ ಎರಡು ಪದಕ್ಕೆ ಎದ್ದ ಕೈಗಳಲ್ಲಿ ಒಂದೂ ನನ್ನ ಭಾಷಣಕ್ಕೆ ಎದ್ದದ್ದಲ್ಲ.

ಬಾಗಲಕೋಟೆ ಅಕ್ಕ ಮಾತ್ರ ಕೈ ಎತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು ನಿಂತರು.

"ಅಣ್ಣಾರ, ಒಂದ ಮಾತ ಕೇಳ್ತೀನ್ರಿ. ಆ ಮಣಿಪಾಲದ ಆಫೀಸಿನ್ಯಾಗ ವಿಂಡೋಸ್ ಇದ್ರ ನಾ ಏನ್ ಮಾಡ್ಲಿ? ನಿಮ್ಮ ಸಿಟ್ಟಿನ ಸಲುವಾಗಿ ನಾ ನಾಪಾಸ್ ಆಗ್ಲೇನು?"

ಇಡೀ ತಿಂಗಳು ಊರೂರು ತಿರುಗಿದ್ದೆ, ಈ ಒಂದು ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ಹೇಳಿದೆ, "ಅಕ್ಕಾ, ನಿಮ್ಮ ಯಂತ್ರದಲ್ಲಿ ಎರಡನ್ನೂ ಇಡುತ್ತೇನೆ. ವಿಂಡೋಸನ್ನು ಇಂಟರ್ನೆಟ್ಟಿಗೆ ಬಿಡುವುದು ಬೇಡ, ಅಭ್ಯಾಸಕ್ಕೆ ಮಾತ್ರ ಇರಲಿ. ಉಳಿದದ್ದಕ್ಕೆ ಲಿನಕ್ಸ್."

"ಹಂಗಂದ್ರ ಆತು" ಎಂದು ಅವರೂ ಕೈ ಎತ್ತಿದರು. ಮರುವಾರ ಹೋಗಿ ಹೇಗಾಗುತ್ತಿದೆ ಎಂದು ಕೇಳಿದರೆ, "ಡಬ್ಬಿ ಇಟ್ಟ ಜಾಗಾ ಬ್ಯಾರೆ ಆಗ್ಯಾವ್ರಿ. ಅಡಿಗಿ ಅದಽ ಐತಿ" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಅರ್ಧ ಗಂಟೆ ಮಾತಾಡಿಯೂ ಹೇಳಲಾರೆ.

ಅಂದಿನ ಸಭೆಯಲ್ಲಿ ನಿರ್ಣಯ ಪಾಸಾಯಿತು. ನಾನು ಪೆನ್‌ಡ್ರೈವ್ ತೆಗೆದು ಮಹಡಿ ಮೆಟ್ಟಿಲು ಹತ್ತಲು ಹೊರಟೆ. ಕಾರ್ಯದರ್ಶಿ ತಡೆದರು. "ಉದ್ಘಾಟನೆ ಯಾವಾಗ ಇಡುವುದು?"

"ಎಂತದ್ದರ ಉದ್ಘಾಟನೆ? ಪೆನ್‌ಡ್ರೈವ್ ಚುಚ್ಚಿ ಬಟನ್ ಒತ್ತಿದರೆ ಆಯಿತಲ್ಲ."

ಟೀಚರ್ ನನ್ನನ್ನು ಒಂದನೇ ಕ್ಲಾಸಿನವನನ್ನು ನೋಡಿದ ಹಾಗೆ ನೋಡಿದರು. "ಬೋರ್‌ವೆಲ್ಲಿನ ಪಂಪು ಬದಲಿಸಿದಾಗಲೂ ಇಲ್ಲಿ ದೀಪ ಹಚ್ಚಿ, ಅತಿಥಿ ಕರೆದು, ಶಾಲು ಹೊದೆಸಿಯೇ ಸ್ವಿಚ್ ಹಾಕಿದ್ದು. ನೀವು ಬೇಕಾದರೆ ಮೊದಲೇ ಒತ್ತಿ ಇಡಿ. ಆದರೆ ಆಗುವುದು ಉದ್ಘಾಟನೆಯ ದಿನವೇ."

"ಮುಖ್ಯ ಅತಿಥಿ ಯಾರು?"

"ವ್ಯಾಪಾರಿಯವರು. ಕಳೆದ ವರ್ಷ ಕುರ್ಚಿ ಕೊಟ್ಟಿದ್ದಾರೆ. ಕರೆಯದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ."

ನಮ್ಮ ಯಂತ್ರಗಳನ್ನು ಕೊಲ್ಲಲು ಬಂದವನಿಗೇ ಶಾಲು. ನಾನು ಹಾರಾಡಿದೆ. ಟೀಚರ್ ತಾಳ್ಮೆಯಿಂದ ಕೇಳಿಸಿಕೊಂಡು, "ಮುಗಿಯಿತಾ? ಹಾಗಾದರೆ ಹಾರ ತರುವ ಕೆಲಸ ನಿಮಗೆ" ಎಂದರು.

ಮಲ್ಲಿಗೆಯ ಕೆಳಗೆ

ಒಂದು ವಾರ ಕೂತು ಎಲ್ಲ ಯಂತ್ರಗಳ ಧೂಳು ಊದಿ, ಫ್ಯಾನಿಗೆ ಎಣ್ಣೆ ಬಿಟ್ಟು, ಲಿನಕ್ಸ್ ಹಾಕಿದೆ. ಹೊಲಿಗೆಯವರು ಸುಮ್ಮನಿರಲಿಲ್ಲ. ನಮ್ಮ ಕಡೆ ಮಿಕ್ಸಿಗೂ ಟಿವಿಗೂ ಬಟ್ಟೆ ಹೊಲಿದು ತೊಡಿಸದಿದ್ದರೆ ಹೆಂಗಸರಿಗೆ ಸಮಾಧಾನ ಇಲ್ಲ. ಕಂಪ್ಯೂಟರಿನ ಒಂದೊಂದು ಪೆಟ್ಟಿಗೆಗೂ ಹೂವಿನ ಬಟ್ಟೆಯ ಲಂಗ ಹೊಲಿದರು, ಅಂಚಿಗೆ ಲೇಸ್ ಇಟ್ಟರು. ಪರದೆಗಳನ್ನು ತೊಳೆದ ಕನ್ನಡಿಯ ಹಾಗೆ ಒರೆಸಿದರು. ಮೇಲಿಂದ ಶಂಕರಪುರ ಮಲ್ಲಿಗೆಯ ಚೆಂಡು, ಅಂದರೆ ಉಂಡೆ ಸುತ್ತಿದ ಹೂಮಾಲೆ, ನಾನೇ ತಂದದ್ದು. ಆ ಕೊಠಡಿಯಲ್ಲಿ ಅಂದು ಕಂಪ್ಯೂಟರ್ ಇರಲಿಲ್ಲ, ಮದುವಣಗಿತ್ತಿಯರು ಕೂತಿದ್ದರು.

ಆಮಂತ್ರಣವನ್ನು ಕಾರ್ಕಳದ ಪ್ರೆಸ್ಸಿನವರು ಪ್ರೀತಿಯಿಂದ ಅಚ್ಚು ಹಾಕಿ ಕೊಟ್ಟರು. ವ್ಯಾಪಾರಿಗೆ ಆಮಂತ್ರಣ ಮುಟ್ಟಿತ್ತು. ಅದರಲ್ಲಿ ಇದ್ದದ್ದು ಇಷ್ಟೇ, ಕಂಪ್ಯೂಟರ್ ಕೊಠಡಿಯ ಉದ್ಘಾಟನೆ, ಉದ್ಘಾಟಕರು ಇಂಥವರು. ಹೆಚ್ಚು ಕೇಳಲು ಅವನು ಫೋನ್ ಮಾಡಲಿಲ್ಲ. ವೇದಿಕೆಯಲ್ಲಿ ಕುರ್ಚಿ ಉಂಟು ಎಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಮೆಟ್ಟಿಲು ಹತ್ತಿ ಒಳಗೆ ನೋಡಿದವನ ಮುಖ ಸಣ್ಣದಾಯಿತು. ನನ್ನನ್ನು ಬದಿಗೆ ಕರೆದ.

"ನನ್ನ ಹತ್ತಿರ ಒಂದು ಮಾತು ಕೇಳದೆ ಹೊಸದು ತೆಗೆದುಕೊಂಡಿರಾ? ಮಂಗಳೂರಿನದ್ದಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು. ಪ್ರಾರ್ಥನೆಯ ನಡುವೆ ಮಾತಾಡುವವರನ್ನು ಟೀಚರ್ ಹೊರಗೆ ನಿಲ್ಲಿಸುತ್ತಾರೆ. ಬಾಯಿ ಮುಚ್ಚಿದೆ.

ಅವನಿಗೆ ಶಾಲು ಹೊದೆಸಿದರು, ದೀಪ ಹಚ್ಚಿದರು. ಅವನು ಮಲ್ಲಿಗೆ ಸರಿಸಿ, ಲಂಗದೊಳಗೆ ಕೈ ಹಾಕಿ ಬಟನ್ ಒತ್ತಿದ. ಪರದೆ ಬೆಳಗಿತು. ಚಪ್ಪಾಳೆ ನಿಲ್ಲುವುದರೊಳಗೆ ಯಂತ್ರ ತಯಾರು. ಕನ್ನಡದಲ್ಲಿ ಸ್ವಾಗತ ಎಂದು ಬಂತು. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಮೈಕ್ ಹಿಡಿದ.

"ನೋಡಿ, ಹೊಸ ಯಂತ್ರ ಎಂದರೆ ಹೊಸ ಯಂತ್ರ. ನಾನು ಎಷ್ಟೋ ವರ್ಷಗಳಿಂದ ಈ ವ್ಯವಹಾರದಲ್ಲಿ ಇರುವವನು, ನನಗೆ ಶಬ್ದ ಕೇಳಿದರೇ ಗೊತ್ತಾಗುತ್ತದೆ. ಹಳೆಯ ಯಂತ್ರದಲ್ಲಿ ಈ ವೇಗ ಬರಲಿಕ್ಕೆ ಸಾಧ್ಯವೇ ಇಲ್ಲ. ನನ್ನ ಹತ್ತಿರ ತೆಗೆದುಕೊಂಡಿಲ್ಲ ಎಂದು ನನಗೆ ಬೇಸರ ಇಲ್ಲ. ನೀವು ಹೊಸತಿಗೆ ಹೋದಿರಲ್ಲ, ಅದು ಸಂತೋಷ. ಹಾಗೆ, ಆ ಹಳೆಯ ಡಬ್ಬಗಳನ್ನು ಗುಜರಿಗೆ ಕೊಟ್ಟದ್ದು ತಾನೇ?"

ಮಂಡಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಡಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಟೀಚರ್ ದೀಪದ ಬತ್ತಿ ಸರಿಮಾಡಲು ಬಗ್ಗಿದವರು ಮೇಲೆ ಏಳಲೇ ಇಲ್ಲ. ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವುದು ಮರ್ಯಾದೆ ಎಂದು ತಿಳಿದ ಬಾಗಲಕೋಟೆ ಅಕ್ಕ ಎದ್ದು ನಿಂತರು. ಕೈ ಎತ್ತಿದರು.

"ಕೊಟ್ಟಿಲ್ರಿ ಸರ. ಈಗ ನೀವ್ ಒತ್ತಿದ್ದು ಅದನ್ನಽ ರಿ."

ಅವನು ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಅವನು ಮೈಕ್ ಹಿಡಿದೇ ಬಗ್ಗಿ, ಲೇಸಿನ ಅಂಚು ಎತ್ತಿ ನೋಡಿದ. ಲಂಗದ ಕೆಳಗೆ ಅವನದೇ ಅಂಗಡಿಯ ಸ್ಟಿಕ್ಕರ್ ಇತ್ತು. ಒಂದು ಮೂಲೆ ಎದ್ದು ಬಂದಿತ್ತು, ಬೇರೆ ಏನೂ ಆಗಿರಲಿಲ್ಲ.

ನಾನು ಕಾಯುತ್ತಿದ್ದ ಗಳಿಗೆ ಇದು. ತಿಂಗಳಿಡೀ ಇದಕ್ಕಾಗಿ ಮಾತು ಹೊಂದಿಸಿದ್ದೆ. ಗಂಟಲು ಸರಿಮಾಡಿಕೊಂಡು ಎದ್ದೆ. ಅವನು ನನಗಿಂತ ಮೊದಲು ನೆಟ್ಟಗಾಗಿ, ಶಾಲು ಸರಿಮಾಡಿಕೊಂಡು, ಸಭೆಯನ್ನು ಒಂದು ಸುತ್ತು ನೋಡಿ, ಮೈಕಿನಲ್ಲಿ ಹೇಳಿದ.

"ನಮ್ಮ ಅಂಗಡಿಯ ಮಾಲು. ಬಾಳಿಕೆ ಬರುತ್ತದೆ ಎಂದು ನಾನು ಆಗಲೇ ಹೇಳಿದ್ದೆ."

ಚಪ್ಪಾಳೆ ಬಿತ್ತು. ನಾನೂ ಹೊಡೆದೆ. ಬೇರೆ ಏನು ಮಾಡಲು ಸಾಧ್ಯವಿತ್ತು? ಈಗ ಅವನ ಅಂಗಡಿಯಲ್ಲಿ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡಲಾಗುವುದು ಎಂದು ಬೋರ್ಡು ತೂಗುತ್ತಿದೆ. ಕಷ್ಟದ ಯಂತ್ರ ಬಂದರೆ ನನಗೆ ಫೋನ್ ಮಾಡುತ್ತಾನೆ. ಬೈದುಕೊಂಡೇ ಹೋಗಿ ಮಾಡಿಕೊಟ್ಟು ಬರುತ್ತೇನೆ.

ಬಾಗಲಕೋಟೆ ಅಕ್ಕ ಮಣಿಪಾಲದ ಪರೀಕ್ಷೆ ಮುಗಿಸಿ ಬಂದಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ. ಅಲ್ಲಿ ವಿಂಡೋಸ್ ಇತ್ತೋ ಲಿನಕ್ಸ್ ಇತ್ತೋ ಎಂದು ಕೇಳಿದೆ. "ಟೈಪ್ ಮಾಡೂ ಹೊತ್ತಿನ್ಯಾಗ ಅದನ್ನ ಯಾರ್ ನೋಡ್ತಾರ್ರಿ" ಎಂದರು. ಅವರ ಜೊತೆ ಕಲ್ಲು ಹೊರುವ ಹೆಂಗಸರಲ್ಲಿ ಮತ್ತೆ ಕೆಲವರು ಈಗ ಸಂಜೆ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಕೊಠಡಿಯಲ್ಲಿ ಒಂದು ಕುರ್ಚಿಗೆ ಇಬ್ಬರು ಕೂರುತ್ತಾರೆ. ಯಂತ್ರ ಸಾಲುತ್ತಿಲ್ಲ.

ಅದಕ್ಕೇ ಇದನ್ನು ಬರೆದದ್ದು. ನಿಮ್ಮ ಮಂಚದ ಕೆಳಗೆ, ಅಟ್ಟದ ಮೇಲೆ, ಆಫೀಸಿನ ಮೂಲೆಯಲ್ಲಿ ಸತ್ತಿತು ಎಂದು ಯಾರೋ ಹೇಳಿದ ಒಂದು ಕಂಪ್ಯೂಟರ್ ಉಂಟು. ಅದನ್ನು ಇಂದೇ ಹೊರಗೆ ತೆಗೆಯಿರಿ. ಸ್ವಿಚ್ ಹಾಕಿ ನೋಡಿ. ಎದ್ದರೆ ನಿಮ್ಮ ಫೋಟೋಗಳನ್ನು ಬೇರೆ ಕಡೆ ಇಟ್ಟುಕೊಂಡು, ಲಿನಕ್ಸ್ ಹಾಕಿ ನೀವೇ ಓಡಿಸಿ. ನಿಮಗೆ ಬೇಡವಾದರೆ ಗುಜರಿಗೆ ಕೊಡಬೇಡಿ, ಕಾಪುವಿಗೆ ತನ್ನಿ. ಮಲ್ಲಿಗೆ ನಾನು ತರುತ್ತೇನೆ.